ಬೆದರುವವರು ಯಾರು?

ದೀಪಾವಳಿ ಕಳೆಯಿತೆಂದರೆ ಮೋಟೆಬೆನ್ನೂರು ಸುತ್ತಲಿನ ಹುಡುಗರ ಮನಸ್ಸು ಪುಸ್ತಕದಲ್ಲಿ ನಿಲ್ಲದು. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಸೀಮೆಯ ಊರೂರಲ್ಲೂ ಹೋರಿ ಬೆದರಿಸುವ ಸ್ಪರ್ಧೆ. ಕೋಡಿಗೆ ಬಲೂನು, ಮೈಮೇಲೆ ಝೂಲ, ಕೊರಳಿಗೆ ಒಣಕೊಬ್ಬರಿ ಸರ. ಜನರ ನಡುವೆ ನುಗ್ಗುವ ಹೋರಿಯ ಕೊಬ್ಬರಿ ಹರಿದವನು ಶೂರ; ಯಾರ ಕೈಗೂ ಸಿಗದೆ ಓಡಿದರೆ ಗೆಲುವು ಹೋರಿಯದು. ಹೆಸರೇನೋ ಹೋರಿ ಬೆದರಿಸುವುದು. ಬೆದರುವವರು ಮಾತ್ರ ಮನೆಯಲ್ಲಿ ಕುಳಿತ ತಾಯಂದಿರು! 2025ರ ಅಕ್ಟೋಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ಕಣಕ್ಕೆ ಇಳಿಯದ ಹಿರಿಯರೂ ಹೋರಿ ತಿವಿದು ಸತ್ತರು.

“ಯವ್ವಾ, ಬರೇ ನೋಡಿ ಬರ್ತೀನಿ” ಎಂದು ಕಾಲೇಜು ಹುಡುಗನೊಬ್ಬ ಹೊರಡುತ್ತಾನೆ.

“ಬೇಲಿ ದಾಟಬ್ಯಾಡಪಾ.”

ಸಂಜೆ ನಗುತ್ತ ಬಂದು ಕೊಬ್ಬರಿ ಬಟ್ಟಲೊಂದನ್ನು ತಾಯಿಯ ಕೈಗಿಡುತ್ತಾನೆ. ಆಕೆ ಕೊಬ್ಬರಿ ನೋಡುವುದಿಲ್ಲ. ಅಂಗಿ ಎತ್ತಿ ಅವನ ಪಕ್ಕೆ ನೋಡುತ್ತಾಳೆ.