ಅಳಿಸಿಹೋದ ತೊಂಬತ್ತಾರು

ಮೊನ್ನೆ ಮೊಮ್ಮಗಳ ವಿಜ್ಞಾನದ ಪ್ರಯೋಗ ಪುಸ್ತಕಕ್ಕೆ ಖಾಕಿ ಹೊದಿಕೆ ಹಾಕಿಕೊಡುತ್ತಿದ್ದಾಗ ನನ್ನ ಮೇಷ್ಟರಿಕೆಯ ಕಾಲದ ಒಂದು ಪುಟ ನೆನಪಿಗೆ ಬಂದಿತು. ಆ ಪುಸ್ತಕದ ಕಟ್ಟುಪಾಡು ನನ್ನ ವಿದ್ಯಾರ್ಥಿಗಳಿಗೆ ಇನ್ನೂ ನೆನಪಿದ್ದೀತು: ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲಿನ ಚಿತ್ರ, ಬಲಗಡೆಯ ಗೆರೆ ಹಾಳೆಯಲ್ಲಿ ಉದ್ದೇಶ, ಉಪಕರಣಗಳು, ವಿಧಾನ, ವೀಕ್ಷಣೆ, ತೀರ್ಮಾನ. ಅಂಚು ಬಿಡದೆ ಬರೆದವರನ್ನು ನನ್ನ ಕೆಂಪು ಶಾಯಿ ಸುಮ್ಮನೆ ಬಿಡುತ್ತಿರಲಿಲ್ಲ.

1984ರಲ್ಲಿ ನಾನು ಮಡಿಕೇರಿಯ ಪ್ರೌಢಶಾಲೆಯೊಂದರಲ್ಲಿದ್ದೆ. ಅಂದು ನೀರಿನ ಕುದಿಯುವ ಬಿಂದುವನ್ನು ಕಂಡುಹಿಡಿಯುವ ಪ್ರಯೋಗ. ಸಂಜೆ ಪುಸ್ತಕಗಳನ್ನು ತಿದ್ದುವಾಗ ಎಲ್ಲರ ವೀಕ್ಷಣೆಯೂ 100 ಡಿಗ್ರಿ ಸೆಲ್ಸಿಯಸ್. ಒಬ್ಬ ಹುಡುಗಿಯದು ಮಾತ್ರ 96. ಅದರ ಸುತ್ತ ಕೆಂಪು ವೃತ್ತ ಎಳೆದು, 'ಗಮನವಿಟ್ಟು ನೋಡು' ಎಂದು ಬರೆದು, ಎರಡು ಅಂಕ ಕಳೆದೆ.

ಎರಡು ದಿನಗಳ ನಂತರ ಇನ್ನೊಂದು ತರಗತಿಗೆ ತೋರಿಸಲು ನಾನೇ ಬೀಕರಿನಲ್ಲಿ ನೀರು ಕಾಯಿಸಿದೆ. ನೀರು ಕೊತಕೊತ ಕುದಿಯುತ್ತಿದ್ದರೂ ಪಾದರಸ 96ರ ಬಳಿಯೇ ನಿಂತಿತು. ಥರ್ಮಾಮೀಟರು ಬದಲಿಸಿದರೂ ಅಷ್ಟೇ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಪ್ರೆಷರ್ ಕುಕ್ಕರಿನ ಉದಾಹರಣೆ ಕೊಟ್ಟು ಒತ್ತಡದ ಪಾಠವನ್ನು ಮಾಡಿದವನು ನಾನೇ!

ಆ ಹುಡುಗಿಯನ್ನು ಕರೆದು, ತಪ್ಪು ನನ್ನದೆಂದು ತರಗತಿಯ ಎದುರಿಗೇ ಹೇಳಿದೆ. ಅವಳು ಪುಸ್ತಕ ತೆರೆದಳು. 96 ಅನ್ನು ರಬ್ಬರಿನಿಂದ ಉಜ್ಜಿ ಆಗಲೇ 100 ಎಂದು ಬರೆದಿದ್ದಳು. ಉಜ್ಜಿದಲ್ಲಿ ಹಾಳೆ ತೆಳ್ಳಗಾಗಿತ್ತು. ಉಳಿದವರನ್ನು ವಿಚಾರಿಸಿದರೆ, ಹಲವರು ಕಂಡದ್ದು 96, ಬರೆದದ್ದು ಪಠ್ಯಪುಸ್ತಕದ ನೂರು. ಕಂಡದ್ದನ್ನು ಕಂಡಂತೆ ಬರೆದವಳಿಗೇ ನಾನು ದಂಡ ವಿಧಿಸಿದ್ದೆ.

1610ರ ಜನವರಿಯಲ್ಲಿ ಗೆಲಿಲಿಯೋ ಗುರುಗ್ರಹದ ಬಳಿ ಕಂಡ ಚುಕ್ಕಿಗಳನ್ನು ಮೊದಲು ನಕ್ಷತ್ರಗಳೆಂದೇ ಎಣಿಸಿದ್ದನು. ಮರುರಾತ್ರಿ ಅವುಗಳ ಸ್ಥಾನ ಬೇರೆಯಾಗಿತ್ತು. ತನ್ನ ಎಣಿಕೆಗೆ ಹೊಂದುವಂತೆ ತಿದ್ದದೆ, ರಾತ್ರಿ ರಾತ್ರಿಯೂ ಕಂಡಂತೆ ಗುರುತಿಸಿಟ್ಟದ್ದರಿಂದಲೇ ಅವು ಗುರುವಿನ ಉಪಗ್ರಹಗಳೆಂದು ತಿಳಿಯಿತು.

ಅಂದಿನಿಂದ ನನ್ನ ತರಗತಿಯಲ್ಲಿ ವೀಕ್ಷಣೆಯ ಅಂಕಿಗೆ ರಬ್ಬರು ತಾಗಿಸುವಂತಿರಲಿಲ್ಲ. ತಪ್ಪಾಗಿದ್ದರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಈ ನಿಯಮ ಎಲ್ಲಿಂದ ಬಂತೆಂದು ಕೇಳುತ್ತಿದ್ದ ನನ್ನ ವಿದ್ಯಾರ್ಥಿಗಳಿಗೆ ಇದೇ ಉತ್ತರ.

ಆ ಹುಡುಗಿಗೆ ಕಳೆದ ಅಂಕಗಳನ್ನು ಮರಳಿ ಕೊಟ್ಟೆ. ಆದರೆ ಆ ವರ್ಷವಿಡೀ ಪ್ರತಿ ಪ್ರಯೋಗದಲ್ಲಿಯೂ ಬರೆಯುವ ಮೊದಲು ಅವಳು ನನ್ನ ಬಳಿ ಬಂದು, "ಎಷ್ಟು ಬರಬೇಕು ಸಾರ್?" ಎಂದು ಕೇಳುತ್ತಿದ್ದಳು. "ಎಷ್ಟು ಬಂತಮ್ಮಾ?" ಎಂದು ನಾನು ಮರಳಿ ಕೇಳುತ್ತಿದ್ದೆ. ಅವಳ ಆ ಅಂಜಿಕೆಯನ್ನು ಮಾತ್ರ ಕೊನೆಗೂ ನನ್ನಿಂದ ಅಳಿಸಲಾಗಲಿಲ್ಲ.