ಬಚ್ಚಲೊಲೆಯ ಡಾಕ್ಟರು

ಆಷಾಢದಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ನನಗೆ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಮನೆಯಲ್ಲಿ ಇರುವವಳು ಒಬ್ಬಳೇ, ಅವಳ ಮೇಲೆ ರೇಗುವಷ್ಟು ಧೈರ್ಯವಿಲ್ಲ. ಹಾಗಾಗಿ ಒಣಗದ ಪಂಚೆಯ ಮೇಲೆ ರೇಗುತ್ತೇನೆ. ಐದನೆಯ ದಿನ ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕೂತೆನೆಂದರೆ ಅರ್ಧ ಗಂಟೆಯಲ್ಲಿ ಪಂಚೆಯೂ ಒಣಗುತ್ತದೆ, ನಾನೂ ಮನುಷ್ಯನಾಗುತ್ತೇನೆ. ಇದಕ್ಕೆ ವೈದ್ಯಶಾಸ್ತ್ರದ ಒಪ್ಪಿಗೆಯಿದೆ ಅಂದರೆ ಅವಳು ನಂಬುವುದಿಲ್ಲ. “ಸೌದೆ ಸುಡೋದಕ್ಕೆ ನಿಮಗೊಂದು ನೆಪ” ಅನ್ನುತ್ತಾಳೆ. ನೀವಾದರೂ ನಂಬಿ. ನನ್ನ ಹತ್ತಿರ ಸಾಕ್ಷಿಗೆ ಡಾಕ್ಟರೊಬ್ಬನಿದ್ದಾನೆ. ಒಂದೇ ತೊಡಕು, ಸಾಕ್ಷಿ ಜೈಲು ಕಂಡು ಬಂದವನು.

ಫ್ರೆಡರಿಕ್ ಕುಕ್ ಅಂತ, ಅಮೆರಿಕದವನು. ಹೆಸರು ಕುಕ್ ಆದರೂ ಅಡುಗೆಯವನಲ್ಲ. ಅಲ್ಲವೇ ಅಲ್ಲ ಅಂತ ಪ್ರಮಾಣ ಮಾಡುವ ಹಾಗೂ ಇಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ. ಬ್ರೂಕ್ಲಿನ್‌ನಲ್ಲಿ ಮನೆಮನೆಗೆ ಹಾಲು ಹಾಕಿ ಡಾಕ್ಟರಿಕೆ ಓದಿದವನು. 1890ರಲ್ಲಿ ಓದೇನೋ ಮುಗಿಯಿತು, ಅದೇ ವರ್ಷ ಹೆರಿಗೆಯಲ್ಲಿ ಮಗುವೂ ಹೋಯಿತು, ಹಿಂದೆಯೇ ಹೆಂಡತಿಯೂ ಹೋದಳು. ಇಂಥ ದುಃಖಕ್ಕೆ ನಮ್ಮವರು ಕಾಶಿಗೆ ಹೋಗುತ್ತಿದ್ದರು. ಈತ ಮರುವರ್ಷ ಧ್ರುವಯಾತ್ರಿಕ ರಾಬರ್ಟ್ ಪಿಯರಿಯ ಜೊತೆ ಗ್ರೀನ್‌ಲ್ಯಾಂಡಿಗೆ ಹೋದ. ಅಲ್ಲಿ ಪಿಯರಿಯ ಮುರಿದ ಕಾಲು ಕಟ್ಟಿದ. ಹಸಿ ಮಾಂಸ ತಿನ್ನುವ ಇನ್ಯೂಟ್ ಜನಕ್ಕೆ, ತಾಜಾ ಆಹಾರವಿಲ್ಲದ ನಾವಿಕರನ್ನು ಕಾಡುವ ಸ್ಕರ್ವಿ ರೋಗ ಬರುವುದಿಲ್ಲ ಅನ್ನುವುದನ್ನೂ ಕಂಡುಕೊಂಡ.

ಇನ್ನು ‘ಬೆಲ್ಜಿಕ’ ಹಡಗಿನ ಕಥೆ. ಬೆಲ್ಜಿಯಂನ ಆದ್ರಿಯೆನ್ ದ ಗೆರ್ಲಾಶ್ ಅದರ ಮುಖ್ಯಸ್ಥ. 1897ರಲ್ಲಿ ಹೊರಟ ಹಡಗಿಗೆ ಕುಕ್ ರಿಯೊ ಡಿ ಜನೈರೊದಲ್ಲಿ ಹತ್ತಿಕೊಂಡ. ಮರುವರ್ಷ ಮಾರ್ಚ್ ಹೊತ್ತಿಗೆ ಅಂಟಾರ್ಕ್ಟಿಕದ ಕಡಲು ಹೆಪ್ಪುಗಟ್ಟಿ, ಹಡಗು ಹಲಸಿನ ಮೇಣಕ್ಕೆ ಸಿಕ್ಕ ನೊಣದಂತಾಯಿತು. ಅಂಟಾರ್ಕ್ಟಿಕ ವೃತ್ತದೊಳಗೆ ಚಳಿಗಾಲ ಕಳೆದವರಲ್ಲಿ ಇವರೇ ಮೊದಲಿಗರು. ಮೇ ನಡುವಿನಲ್ಲಿ ಮುಳುಗಿದ ಸೂರ್ಯ ಮತ್ತೆ ತಲೆ ಎತ್ತಿದ್ದು ಜುಲೈ ಕೊನೆಗೆ. ನಾನು ನಾಲ್ಕು ದಿನಕ್ಕೇ ಪಂಚೆಯ ಜೊತೆ ಜಗಳಕ್ಕಿಳಿಯುವವನು!

ಜೂನ್‌ನಲ್ಲಿ ದಾಂಕೊ ಎಂಬ ವಿಜ್ಞಾನಿ ತೀರಿಕೊಂಡ, ಮೊದಲೇ ಹೃದಯ ದುರ್ಬಲ. ಹಿಮದಲ್ಲಿ ತೂತು ಕೊರೆದು ಅವನನ್ನು ಕೆಳಗೆ ಬಿಟ್ಟರು. ನಾನ್ಸೆನ್ ಅಂತ ಹೆಸರಿಟ್ಟಿದ್ದ ಬೆಕ್ಕು ಮಂಕಾಗಿ, ಸಿಡಿಮಿಡಿಗೊಂಡು ಅದೇ ತಿಂಗಳು ಸತ್ತಿತು. ಟೊಲೆಫ್ಸನ್ ಎಂಬ ನಾವಿಕನಿಗೆ ಬುದ್ಧಿಭ್ರಮಣೆಯಾಯಿತು. ಉಳಿದವರಿಗೆ ನಿದ್ದೆಯಿಲ್ಲ, ಮಾತು ಬೇಡ, ಒಬ್ಬರ ಮುಖ ಒಬ್ಬರಿಗಾಗದು. ಹೊತ್ತು ಕಳೆಯಲು ಪತ್ರಿಕೆಗಳಲ್ಲಿದ್ದ ಚೆಲುವೆಯರ ಚಿತ್ರ ಹರಡಿಕೊಂಡು ಯಾರ ಮೂಗು ಚೆಂದ, ಯಾರ ಕೈ ಚೆಂದ ಅಂತ ವೋಟು ಹಾಕಿದ್ದೂ ಉಂಟು. ಪಾಪ, ನಗಬೇಡಿ.

ಕುಕ್ ಕೈಯಲ್ಲಿ ಇದಕ್ಕೆ ಔಷಧಿ ಇರಲಿಲ್ಲ. ಬೆಳಕಿಲ್ಲದ್ದೇ ರೋಗವಾದರೆ ಬೆಂಕಿಯೇ ಸೂರ್ಯ ಅಂದುಕೊಂಡ. ರೋಗಿಯನ್ನು ಬೆತ್ತಲೆ ಮಾಡಿ, ಉರಿಯುವ ಒಲೆಯ ಬೆಳಕು ಮೈಮೇಲೆ ಬೀಳುವ ಹಾಗೆ ದಿನಕ್ಕೊಂದು ತಾಸು ನಿಲ್ಲಿಸುವುದು. ಇದಕ್ಕೆ ಬೇಯಿಸುವ ಚಿಕಿತ್ಸೆ ಅಂತಲೇ ಹೆಸರು. ಹೆಸರಿನ ವಿಷಯದಲ್ಲಿ ಪ್ರಮಾಣ ಮಾಡಲಾರೆ ಅಂದದ್ದು ಈಗ ತಿಳಿಯಿತೇ? ಜೊತೆಗೆ ದಿನಾ ಹಡಗಿನ ಸುತ್ತ ನಡಿಗೆ. ಅದನ್ನು ಅವರೇ ಹುಚ್ಚಾಸ್ಪತ್ರೆಯ ಪ್ರದಕ್ಷಿಣೆ ಅಂತ ಕರೆದುಕೊಂಡರು.

ಮೂರನೆಯ ಮದ್ದು ಪೆಂಗ್ವಿನ್ ಮಾಂಸ. ದನ, ಮೀನು, ಬಾತುಕೋಳಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಮೀನೆಣ್ಣೆ ಸುರಿದು ಬೇಯಿಸಿದಂಥ ರುಚಿಯೆಂದು ತಿನ್ನಿಸಿದವನೇ ಬರೆದಿದ್ದಾನೆ. ಗೆರ್ಲಾಶ್‌ಗೆ ಅದು ಬಾಯಿಗೇ ಸೇರದು. ಅವನೂ ಕ್ಯಾಪ್ಟನ್ ಲೆಕೊಯಿಂಟ್‌ನೂ ಸ್ಕರ್ವಿಯಲ್ಲಿ ಮಲಗಿ ಉಯಿಲು ಬರೆದಿಟ್ಟರು. ಕೊನೆಗೆ ಲೆಕೊಯಿಂಟ್ ಕಷಾಯ ಕುಡಿದ ಹಾಗೆ ಕಣ್ಣುಮುಚ್ಚಿ ತಿಂದ, ಕೆಲವೇ ದಿನದಲ್ಲಿ ಎದ್ದು ಕೂತ. ಅವನನ್ನು ನೋಡಿ ಗೆರ್ಲಾಶ್ ಕೂಡ ತಿಂದ. ಮುಂದೆ ಗರಗಸ, ಸಿಡಿಮದ್ದು ಹಿಡಿದು ಹಿಮದಲ್ಲಿ ಕಾಲುವೆ ಕೊಯ್ದು 1899ರ ಮಾರ್ಚ್‌ನಲ್ಲಿ ಹೊರಬಿದ್ದರು. ಆ ಕಾಲುವೆಯ ಯೋಚನೆಯೂ ಕುಕ್‌ನದೇ.

ಬಿಸಿಲಿಲ್ಲದ ಕಾಲದ ಈ ಮಂಕಿಗೆ 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಕಾಯಿಲೆಯ ಪಟ್ಟ ಕಟ್ಟಿದರು. ಈಗ 10,000 ಲಕ್ಸ್ ಬೆಳಕಿನ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ಬಟ್ಟೆ ಬಿಚ್ಚಬೇಕಾಗಿಲ್ಲ, ಅಷ್ಟರಮಟ್ಟಿಗೆ ವಿಜ್ಞಾನ ಮುಂದುವರಿದಿದೆ.

ಕುಕ್ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 1906ರಲ್ಲಿ ಅಲಾಸ್ಕದ ಮೆಕಿನ್ಲಿ ಶಿಖರ ಹತ್ತಿದೆನೆಂದ. ಫೋಟೊ ತೆಗೆದದ್ದು ಎಲ್ಲೋ ಕೆಳಗಿನ ಗುಡ್ಡದಲ್ಲಿ. 1908ರ ಏಪ್ರಿಲ್‌ನಲ್ಲಿ, ಪಿಯರಿ ತಾನು ಮುಟ್ಟಿದೆನೆಂದದ್ದಕ್ಕಿಂತ ಒಂದು ವರ್ಷ ಮೊದಲೇ, ಉತ್ತರ ಧ್ರುವ ಮುಟ್ಟಿದೆನೆಂದ. ಪುರಾವೆ ಸಾಲಲಿಲ್ಲ, ನಾನೂ ನಂಬುವುದಿಲ್ಲ. ಆಮೇಲೆ ಟೆಕ್ಸಾಸ್‌ನಲ್ಲಿ ಎಣ್ಣೆ ಬಾವಿಯ ಷೇರು ಮಾರಲು ಹೋಗಿ, 1923ರಲ್ಲಿ ಅಂಚೆ ವಂಚನೆಗಾಗಿ ಹದಿನಾಲ್ಕು ವರ್ಷ ಒಂಬತ್ತು ತಿಂಗಳ ಶಿಕ್ಷೆ. ಲೆವೆನ್‌ವರ್ತ್ ಜೈಲಿಗೆ 1926ರಲ್ಲಿ ಒಬ್ಬರು ಅವನನ್ನು ನೋಡಲು ಬಂದರು: ರೋಆಲ್ ಅಮುಂಡ್ಸೆನ್, ದಕ್ಷಿಣ ಧ್ರುವ ಮುಟ್ಟಿದ ಮೊದಲಿಗ. ಬೆಲ್ಜಿಕದಲ್ಲಿ ಅವನೂ ಇದ್ದ, ಆಗಿನ್ನೂ ಇಪ್ಪತ್ತೈದರ ಹುಡುಗ. ಊರೆಲ್ಲ ಸುಳ್ಳನೆಂದವನನ್ನು ಅವನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಇಷ್ಟೆಲ್ಲ ಮನೆಯಲ್ಲಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಲೆಯ ಮುಂದೆ ಎಷ್ಟು ಹೊತ್ತಾದರೂ ಕೂತುಕೊಳ್ಳಿ, ಸೌದೆ ಮಾತ್ರ ನೀವೇ ಒಡೆದು ತನ್ನಿ ಅಂದಳು.