ಒಂದೇ ಉಸಿರು, ಎರಡು ವಿದ್ಯೆ

ಯರಗಟ್ಟಿ ಕೂಡುದಾರಿಯ ಊರು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವವರೂ ಗೋಕಾಕದಿಂದ ಸವದತ್ತಿಗೆ ಹೋಗುವವರೂ ಇದನ್ನು ಹಾದೇ ಹೋಗುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಕಬ್ಬು ಹೇರಿದ ಟ್ರ್ಯಾಕ್ಟರು, ಹಬ್ಬಕ್ಕೆಂದು ಮುಂಬಯಿಯಿಂದ ಮರಳಿದ ಹುಡುಗರು ಎಲ್ಲರೂ ಇಲ್ಲಿ ಒಂದು ಕಪ್ಪು ಚಹಾ ಕುಡಿದೇ ಮುಂದೆ ಸಾಗುವುದು. ಇಂಥ ಊರಿಗೆ ಯೋಗವೂ ಬಂತು, ರ‍್ಯಾಪ್ ಹಾಡೂ ಬಂತು. ಎರಡೂ ಒಂದೇ ಮೈದಾನದಲ್ಲಿ ಎದುರಾದಾಗ ತಕರಾರು ಶುರುವಾಯಿತು.

ನಾವು ಏಳೆಂಟು ಮಂದಿ, ಬಹುತೇಕ ಐವತ್ತು ದಾಟಿದವರು, ನಸುಕಿನಲ್ಲಿ ಸೇರಿ ಯೋಗಾಭ್ಯಾಸ ಮಾಡುತ್ತೇವೆ. ನಿವೃತ್ತ ಮಾಸ್ತರರು, ಬಸ್ ಚಾಲಕರು, ಅಡತಿ ಅಂಗಡಿಯವರು, ಬಟ್ಟೆ ಹೊಲಿಯುವವರು ನಮ್ಮಲ್ಲಿದ್ದಾರೆ. ಫಜ್ರ್ ನಮಾಝ್ ಮುಗಿಸಿ ಬರುವವರಿದ್ದಾರೆ, ಮರಳುವಾಗ ಪೂಜೆಗೆ ಹೂ ಬಿಡಿಸಿಕೊಂಡು ಹೋಗುವವರೂ ಇದ್ದಾರೆ. ನಮ್ಮಲ್ಲಿಯ ಮುಸ್ಲಿಮರಿಗೆ 'ಯೋಗ ನಿಮ್ಮದಲ್ಲ' ಎಂದು ಆ ಕಡೆಯವರೂ, 'ಅದು ನಮಗೆ ಬೇಡ' ಎಂದು ಈ ಕಡೆಯವರೂ ಹೇಳಿದ್ದುಂಟು. ಆದರೆ ಹನ್ನೊಂದನೆಯ ಶತಮಾನದಲ್ಲಿಯೇ ಅಲ್ ಬಿರೂನಿ ಪತಂಜಲಿಯ ಯೋಗವನ್ನು ಅರಬಿ ಭಾಷೆಗೆ ತಂದಿದ್ದರು. ತಿಳಿಯಬೇಕೆಂಬ ಆಸೆಗೆ ಅವರು ಗಡಿ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಸೂರ್ಯ ನಮಸ್ಕಾರ ಒಲ್ಲದವರು ಅದನ್ನು ಬಿಡುತ್ತಾರೆ. 2015ರ ಜೂನ್ 21ರಂದು ನಡೆದ ಮೊದಲ ಅಂತಾರಾಷ್ಟ್ರೀಯ ಯೋಗ ದಿನದ ಸಾಮಾನ್ಯ ಕ್ರಮದಲ್ಲಿಯೂ ಅದು ಇರಲಿಲ್ಲ. ಉಸಿರಾಟದ ಬಗ್ಗೆ ಮಾತ್ರ ನಮ್ಮಲ್ಲಿ ಯಾರಿಗೂ ತಕರಾರಿಲ್ಲ.

ಅದೇ ಮೈದಾನದ ಇನ್ನೊಂದು ಮೂಲೆಗೆ ನಾಲ್ವರು ಹುಡುಗರು ಮೊಬೈಲು, ಸ್ಪೀಕರು ಹಿಡಿದು ಬರತೊಡಗಿದರು. 2019ರ 'ಗಲ್ಲಿ ಬಾಯ್' ಚಿತ್ರದಲ್ಲಿ ಧಾರಾವಿಯ ಬಡ ಹುಡುಗ ಮುರಾದ್ ರ‍್ಯಾಪ್ ಹಾಡುಗಾರನಾಗುವುದನ್ನು ನೋಡಿದ ಮೇಲೆ ಹತ್ತಿದ ಹುಚ್ಚದು. ನಮ್ಮಲ್ಲಿ ಅರ್ಧ ಜನ ಅವರನ್ನು ಓಡಿಸೋಣ ಎಂದರು. ಮಾಸ್ತರರು, "ತಡೀರಿ, ಮದಲ ಕೇಳೂಣು" ಎಂದರು.

ಕೇಳುತ್ತಾ ಕೂತಾಗ ಹಾಡಿಗಿಂತ ಮೊದಲು ನಮಗೆ ಕಂಡದ್ದು ಅವರ ಉಸಿರು. ರ‍್ಯಾಪಿನ ಒಂದು ನುಡಿಗೆ ಸಾಮಾನ್ಯವಾಗಿ 16 ಸಾಲು, ಸಾಲಿಗೆ 4 ಪೆಟ್ಟು. ನಿಮಿಷಕ್ಕೆ 90 ಪೆಟ್ಟಿನ ಗತಿಯಾದರೆ ಸುಮಾರು 43 ಸೆಕೆಂಡು ಬಿಡುವಿಲ್ಲದ ಮಾತು. ಒಂಬತ್ತನೆಯ ಸಾಲಿಗೇ ಹುಡುಗನ ದಮ್ಮು ಕಟ್ಟುತ್ತಿತ್ತು. "ಹೆಗಲು ಎತ್ತಬ್ಯಾಡೋ ತಮ್ಮಾ, ಹೊಟ್ಟಿ ತುಂಬ ಉಸರ ತಗೊ. ಬಿಡೂ ಮುಂದ ಗಡಿಬಿಡಿ ಮಾಡಬ್ಯಾಡ" ಎಂದರು ಮಾಸ್ತರರು. ಪೂರಕಕ್ಕಿಂತ ರೇಚಕ ದೀರ್ಘವಾಗಿರಲಿ ಎಂದು ಪ್ರಾಣಾಯಾಮದಲ್ಲಿ ಕಲಿಸುತ್ತಾರೆ. ಹಾಡುವವನಿಗೆ ಬೇಕಾದದ್ದೂ ಅದೇ. ಬೇಗ ಎಳೆದುಕೊಂಡು ನಿಧಾನವಾಗಿ ಖರ್ಚು ಮಾಡುವ ಉಸಿರು.

ಇನ್ನೊಂದು ನಂಟನ್ನೂ ಮಾಸ್ತರರೇ ತೋರಿಸಿದರು. ಪ್ರಾಣಾಯಾಮದಲ್ಲಿ ಉಸಿರನ್ನು ಎಣಿಸುವ ಅಳತೆಯ ಹೆಸರು ಮಾತ್ರೆ. ಕನ್ನಡ ಛಂದಸ್ಸಿನ ಅಳತೆಯೂ ಮಾತ್ರೆಯೇ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. "ಪರೀಕ್ಷಾಕ ಓದಿದ್ವಿರೀ ಸರ, ಹಾಡಾಕ ಉಪಯೋಗ ಆಗತೈತಂತ ಗೊತ್ತಿರಲಿಲ್ಲ" ಎಂದು ಒಬ್ಬ ನಕ್ಕ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನೆರೆಯ ರಾಮದುರ್ಗ ತಾಲ್ಲೂಕಿನ ಹುಲಕುಂದ ಗೀಗೀ ಕವಿಗಳ ಊರು. ದಪ್ಪು ಬಡಿದು, ತುಂತುಣಿ ಮೀಟಿ, ಸವಾಲು ಎಸೆದು ಜವಾಬು ಕೇಳುವ ಹರದೇಶಿ-ನಾಗೇಶಿ ಮೇಳಗಳು ಇಡೀ ರಾತ್ರಿ ನಡೆಯುತ್ತಿದ್ದವು. ಮೊಹರಮ್ಮಿನ ರಿವಾಯತ್ ಪದಗಳನ್ನು ಹಿಂದೂ ಮುಸ್ಲಿಮರು ಕೂಡಿಯೇ ಹಾಡುತ್ತ ಬಂದಿದ್ದಾರೆ. ಹಲಸಂಗಿಯ ಧೂಲಾಸಾಹೇಬರು ಗೆಳೆಯರೊಡನೆ ಲಾವಣಿಗಳನ್ನು ಕೂಡಿಸಿ 1933ರಲ್ಲಿ 'ಜೀವನ ಸಂಗೀತ' ಸಂಕಲನ ತಂದರು. ಅತ್ತ ನ್ಯೂಯಾರ್ಕಿನ ಬಡವರ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು, ಜಮೈಕಾದಿಂದ ಬಂದ ಕುಟುಂಬದ ತರುಣ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್‌ಹಾಪ್‌ನ ಹುಟ್ಟುದಿನ ಎನ್ನುತ್ತಾರೆ. ತಾಳದ ಮೇಲೆ ಬದುಕಿನ ಮಾತು ಹೇಳುವ ಚಟ ಬಡವರಿಗೆ ಎಲ್ಲ ಕಡೆಯೂ ಇದೆ.

ಹಾಗೆಂದು ಎರಡೂ ಒಂದೇ ಎನ್ನುತ್ತಿಲ್ಲ. ಯೋಗ ಮನಸ್ಸಿನ ಅಲೆಗಳನ್ನು ಅಡಗಿಸು ಎನ್ನುತ್ತದೆ, ರ‍್ಯಾಪ್ ಅವನ್ನು ಎಬ್ಬಿಸುತ್ತದೆ. ರ‍್ಯಾಪಿನಲ್ಲಿ ಜಂಭ, ಕುಡಿತದ ಮೆರೆದಾಟ, ಹೆಣ್ಣನ್ನು ಹೀಯಾಳಿಸುವ ಮಾತು ಬೇಕಾದಷ್ಟಿವೆ. ಅವಕ್ಕೆ ನಮ್ಮ ಒಪ್ಪಿಗೆಯಿಲ್ಲ. ಆದರೆ ಕಣ್ಣು ಮುಚ್ಚಿ ಕೂತವನು ಪಕ್ಕದ ಮನೆಯನ್ನು ಮರೆತರೆ ಆ ಶಾಂತಿಗೂ ಅರ್ಥವಿಲ್ಲ. ಇದನ್ನು ನಮಗೆ ಹೇಳಿಕೊಟ್ಟದ್ದು ಒಬ್ಬ ಹುಡುಗನ ಹಾಡು.

ಆ ಹಾಡು ಅವನ ತಾಯಿಯ ಕುರಿತದ್ದು. ಸಾಲದ ಕಂತಿನ ದಿನ ವಸೂಲಿಯವರು ಬಾಗಿಲು ಬಡಿಯುತ್ತಾರೆ. ಆಕೆ ಒಳಗೆ ದೀಪ ಆರಿಸಿ, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು, ತಾನೂ ಉಸಿರು ಬಿಗಿಹಿಡಿದು ಕೂರುತ್ತಾಳೆ. ಕೇಳಿ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ನಾವು ಉಸಿರು ಹಿಡಿಯುವುದು ಆರೋಗ್ಯಕ್ಕೆ, ಆಕೆ ಹಿಡಿದದ್ದು ಅಂಜಿಕೆಗೆ. ಮರುದಿನ ಅಡತಿ ಅಂಗಡಿಯವರು ಆ ಮನೆಗೆ ಹೋಗಿ ಕಂತಿನ ಪುಸ್ತಕ ಬಿಡಿಸಿ ಲೆಕ್ಕ ನೋಡಿದರು. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿದ್ದನ್ನು ಆಕೆಗೆ ತಿಳಿಸಿದರು. ಸಾಲ ಮಾಯವಾಗಲಿಲ್ಲ. ಆದರೆ ಈಗ ಕಂತಿನ ದಿನ ಆ ಮನೆಯ ಬಾಗಿಲು ತೆರೆದಿರುತ್ತದೆ, ಆಕೆಯ ಪಕ್ಕದಲ್ಲಿ ನಮ್ಮಲ್ಲೊಬ್ಬರು ಕೂತಿರುತ್ತಾರೆ.

ಈಗ ಮೈದಾನದಲ್ಲಿ ಒಪ್ಪಂದವಾಗಿದೆ. ಮೊದಲ ಅರ್ಧ ಗಂಟೆ ಹುಡುಗರೂ ನಮ್ಮೊಡನೆ ಕೂತು ಉಸಿರಾಟ ಮಾಡುತ್ತಾರೆ. ಆಮೇಲೆ ನಾವು ಅವರ ಹಾಡು ಕೇಳುತ್ತೇವೆ. ವಾದ್ಯ ಬೇಡ ಎನ್ನುವವರು ನಮ್ಮಲ್ಲಿದ್ದುದರಿಂದ ಸ್ಪೀಕರು ಮನೆಯಲ್ಲಿ ಉಳಿದಿದೆ. ಚಪ್ಪಾಳೆಯೇ ತಾಳ. ಯಾರನ್ನೂ ಹಳಿಯುವ ಸಾಲು ಬೇಡವೆಂಬುದು ಹುಡುಗರೇ ಹಾಕಿಕೊಂಡ ಕಟ್ಟಳೆ.

ನಿಮ್ಮೂರಿನ ಮೈದಾನದಲ್ಲೂ ಇಂಥ ಹುಡುಗರಿರಬಹುದು. ಓಡಿಸುವ ಮೊದಲು ಅವರ ಒಂದು ಹಾಡನ್ನು ಪೂರ್ತಿ ಕೇಳಿ. ಅದಕ್ಕೆ ಹಿಡಿಯುವುದು ಎರಡು-ಮೂರು ನಿಮಿಷ ಮಾತ್ರ.